ನಕ್ಷೆಯಲ್ಲಿ 600 ಮೀಟರ್, ನಡೆದರೆ 3 ಕಿಲೋಮೀಟರ್

ಊರಾಚೆಯ ಬಡಾವಣೆಯಲ್ಲಿ ಮನೆ ಕೊಳ್ಳಲು ಹೊರಟಿದ್ದರೆ, ಮುಂಗಡ ಕೊಡುವ ಮೊದಲು ಇದನ್ನು ಓದಿ. ನಮಗೆ ಹೇಳುವವರು ಯಾರೂ ಇರಲಿಲ್ಲ.

ಮನೆಯ ಮೇಲೆ ನನ್ನ ತಕರಾರಿಲ್ಲ. ಗೋಡೆ ಗಟ್ಟಿಯಾಗಿದೆ, ಗಾಳಿ ಬೆಳಕು ಚೆನ್ನಾಗಿದೆ. ನಾವು ಮೋಸಹೋದದ್ದು ಸುತ್ತಲಿನ ಸೌಲಭ್ಯಗಳ ವಿಷಯದಲ್ಲಿ. ಕರಪತ್ರದ ನಕ್ಷೆಯಲ್ಲಿ ಮನೆಯನ್ನು ನಡುವೆ ಇಟ್ಟು ವೃತ್ತ ಎಳೆದಿದ್ದರು. ಶಾಲೆ 600 ಮೀಟರ್, ಪಕ್ಕದಲ್ಲೇ ಚಿಕಿತ್ಸಾಲಯ, ಎದುರಿಗೆ ದಿನಸಿ ಅಂಗಡಿ. "ಏಳೆಂಟು ನಿಮಿಷದ ನಡಿಗೆ, ಅಮ್ಮನವರೂ ಆರಾಮವಾಗಿ ಹೋಗಿಬರಬಹುದು" ಎಂದರು ಮಧ್ಯವರ್ತಿ. ಅಮ್ಮನಿಗೆ ಮೊಣಕಾಲು ನೋವು. ಆ ಒಂದು ಮಾತಿಗಾಗಿಯೇ ನಾವು ಈ ಮನೆಯನ್ನು ಒಪ್ಪಿಕೊಂಡೆವು.

600 ಮೀಟರ್ ಎಂಬುದು ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಎಳೆದ ನೇರ ಗೆರೆ. ಆ ಗೆರೆಗೆ ಅಡ್ಡಲಾಗಿ ಎರಡೂ ಬದಿ ಬೇಲಿ ಹಾಕಿದ ಹೆದ್ದಾರಿ ಇದೆ. ದಾಟಲು ಇರುವುದು ಒಂದೇ ಕೆಳಸೇತುವೆ, ಅದೂ 1.2 ಕಿಲೋಮೀಟರ್ ದೂರದಲ್ಲಿ. ಅಲ್ಲಿಯವರೆಗೆ ಹೋಗಿ, ದಾಟಿ, ಅಷ್ಟೇ ದೂರ ಹಿಂದಕ್ಕೆ ಬರಬೇಕು. ನಡುವಿನ ಆ 600 ಮೀಟರ್ ಸೇರಿ ಒಟ್ಟು 3 ಕಿಲೋಮೀಟರ್. ಗಂಟೆಗೆ 5 ಕಿಲೋಮೀಟರ್ ನಡೆಯುವ ನನಗೇ 36 ನಿಮಿಷ ಬೇಕು. ಅಮ್ಮ ಒಮ್ಮೆ ಹೊರಟು, ಕೆಳಸೇತುವೆಯ ಬಾಯಲ್ಲಿ ನಿಂತ ಮಳೆನೀರು ನೋಡಿ ಹಿಂತಿರುಗಿದರು. ಆಮೇಲೆ ಒಬ್ಬರೇ ಎಲ್ಲಿಗೂ ಹೋಗಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಇದೇ.

ಮಗಳಿಗೆ ಆ ಶಾಲೆಯಲ್ಲಿ ಸೀಟೂ ಸಿಗಲಿಲ್ಲ. ಶಾಲೆಯ ಪ್ರವೇಶ ವ್ಯಾಪ್ತಿ ಹೆದ್ದಾರಿಯ ಆಚೆ ಬದಿಗೇ ಮುಗಿಯುತ್ತದೆ.

ನಕ್ಷೆಯಲ್ಲಿ ಹಸಿರು ಬಳಿದಿದ್ದ ಉದ್ಯಾನದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ "ಉದ್ದೇಶಿತ" ಎಂದಿತ್ತು. ಆ ಜಾಗ ಇಂದಿಗೂ ಹಳ್ಳವೇ. ಕೇಳಲು ಹೋದರೆ ಕರಾರುಪತ್ರ ತೆಗೆದು ತೋರಿಸಿದರು. ಅದರಲ್ಲಿ ಉದ್ಯಾನದ ಪ್ರಸ್ತಾಪವೇ ಇಲ್ಲ. ಸಹಿ ಮಾಡುವ ದಿನ ನಾನು ಹುಡುಕಿದ್ದು ಬೆಲೆಯನ್ನೂ ಅಳತೆಯನ್ನೂ ಮಾತ್ರ.

ಇನ್ನು ಸದ್ದು. ಮನೆ ನೋಡಲು ನಮ್ಮನ್ನು ಎರಡು ಬಾರಿಯೂ ಭಾನುವಾರ ಬೆಳಿಗ್ಗೆಯೇ ಕರೆದಿದ್ದರು. ಭಾರಿ ಲಾರಿಗಳು ಓಡುವುದು ರಾತ್ರಿ ಹತ್ತರ ನಂತರ. ಮೊಬೈಲಿನಲ್ಲಿ ಅಳೆದಾಗ ಮಲಗುವ ಕೋಣೆಯ ಕಿಟಕಿಯ ಹೊರಗೆ 60 ಡೆಸಿಬಲ್ ದಾಟಿತ್ತು. ಮೊಬೈಲಿನ ಅಳತೆ ಅಷ್ಟು ಕರಾರುವಾಕ್ಕಲ್ಲ, ಒಪ್ಪುತ್ತೇನೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ರಸ್ತೆ ಸದ್ದಿನ ರಾತ್ರಿಯ ಸರಾಸರಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕೆಂದು ಹೇಳಿತ್ತು. 10 ಡೆಸಿಬಲ್ ಏರಿದರೆ ಸದ್ದು ಕಿವಿಗೆ ಸುಮಾರು ಇಮ್ಮಡಿಯಾಗಿ ಕೇಳಿಸುತ್ತದೆ. ಹೀಗಿರುವಾಗ ನಮ್ಮ ನಿದ್ದೆ ಏನಾಗಿದೆ ಎಂದು ನೀವೇ ಊಹಿಸಿ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು. ಕರಪತ್ರದಲ್ಲಿರುವ ಪ್ರತಿ ಸೌಲಭ್ಯವೂ ಕರಾರಿನಲ್ಲಿ ಬರಲಿ. ಬರೆದುಕೊಡಲು ಹಿಂಜರಿದರೆ ಅದು ಇಲ್ಲವೆಂದೇ ತಿಳಿಯಿರಿ. ಕೆಲಸದ ದಿನ ಒಂದು ರಾತ್ರಿ ಹೋಗಿ ಆ ಮನೆಯ ಮುಂದೆ ಅರ್ಧ ಗಂಟೆ ನಿಲ್ಲಿ. ಸುತ್ತಮುತ್ತ ತೋರಿಸಲು ಮಾರುವವರು ಕಾರು ತಂದರೆ ಹತ್ತಬೇಡಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಜೊತೆಗೆ ಕರೆದುಕೊಂಡು, ಚಿಕಿತ್ಸಾಲಯದ ಬಾಗಿಲಿನವರೆಗೆ ನಡೆದೇ ಹೋಗಿ ನೋಡಿ.