ತೋಟದ ಮನೆಯಲ್ಲಿ ಡಿಡಿ ಫ್ರೀ ಡಿಶ್: ವರ್ಷಗಟ್ಟಲೆ ಬಳಸಿದ ಮೇಲೆ ಹೇಳುತ್ತಿರುವುದು

ಗುಬ್ಬಿ ಕಡೆ ತೆಂಗಿನ ತೋಟದೊಳಗೆ ನಮ್ಮ ಮನೆ. ಕೇಬಲ್ ಇಲ್ಲಿವರೆಗೆ ಬರಲಿಲ್ಲ, ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವುದು ಅಪ್ಪನಿಗೆ ಬೇಡವಾಗಿತ್ತು. ಹಾಗಾಗಿ ಡಿಡಿ ಫ್ರೀ ಡಿಶ್ ಹಾಕಿಸಿ ವರ್ಷಗಳೇ ಆದವು. ಬಾಕ್ಸು, ಡಿಶ್ಶು, ವೈರು ಅಂತ ಒಂದು ಸಲ ದುಡ್ಡು ಕೊಟ್ಟಿದ್ದಷ್ಟೇ, ಚಂದಾ ಅಂತ ಯಾರಿಗೂ ಪೈಸೆ ಕಟ್ಟಿಲ್ಲ. 2004ರ ಡಿಸೆಂಬರಿನಲ್ಲಿ ಪ್ರಸಾರ ಭಾರತಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನೋ ಹೆಸರಲ್ಲಿ ಶುರು ಮಾಡಿದ ಸೇವೆಯೇ ಇದು. ಚಂದನದ ವಾರ್ತೆ, ‘ಥಟ್ ಅಂತ ಹೇಳಿ’, ಡಿಡಿ ಕಿಸಾನ್ ಇದ್ದರೆ ಅಪ್ಪನಿಗೆ ಸಾಕು. ಚಾನೆಲ್‌ಗಳಲ್ಲಿ ಹಿಂದಿಯದೇ ಹೆಚ್ಚು. ಕನ್ನಡ ಧಾರಾವಾಹಿ ಬಿಡದೆ ನೋಡುವ ಮನೆಗೆ ಇದೊಂದೇ ಸಾಲದು, ತೆಗೆದುಕೊಳ್ಳುವ ಮುಂಚೆ ಅದು ಗೊತ್ತಿರಲಿ.

‘ನೋ ಸಿಗ್ನಲ್’ ಅಂತ ಬಂದ ತಕ್ಷಣ ಬಾಕ್ಸ್ ಹೋಯ್ತು ಅಂತ ಪೇಟೆಗೆ ಓಡುವವರನ್ನು ನಮ್ಮ ಸುತ್ತಮುತ್ತ ಬೇಕಾದಷ್ಟು ನೋಡಿದ್ದೇನೆ. ಕೂಲಿ ದುಡ್ಡಲ್ಲಿ ಹೊಸ ಬಾಕ್ಸ್ ತಂದು, ಅದರಲ್ಲೂ ಏನೂ ಬಾರದೆ ಕೂತವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಬಾಕ್ಸ್ ಅಷ್ಟು ಸುಲಭವಾಗಿ ಕೆಡುವ ವಸ್ತುವಲ್ಲ. ತೊಂದರೆ ಬಹಳ ಸಲ ಮಾಳಿಗೆ ಮೇಲೇ ಇರುತ್ತದೆ.

ಮೊದಲು ಮೆನುವಿನಲ್ಲಿ ಸಿಗ್ನಲ್ ಪುಟ ತೆಗೆಯಿರಿ. ಅಲ್ಲಿ ಸ್ಟ್ರೆಂತ್, ಕ್ವಾಲಿಟಿ ಅಂತ ಎರಡು ಪಟ್ಟಿ ಇರುತ್ತವೆ. ಎರಡೂ ಸೊನ್ನೆ ಆಗಿದ್ದರೆ ಬಾಕ್ಸಿನಿಂದ ಎಲ್‌ಎನ್‌ಬಿಗೆ (ಡಿಶ್ ಎದುರು ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಡಬ್ಬಿ) ಕರೆಂಟ್ ಹೋಗುತ್ತಿಲ್ಲ ಅಂತ ಅರ್ಥ: ವೈರು, ಕನೆಕ್ಟರ್, ಇಲ್ಲವೇ ಎಲ್‌ಎನ್‌ಬಿ. ಸ್ಟ್ರೆಂತ್ ತುಂಬಿದ್ದು ಕ್ವಾಲಿಟಿ ಮಾತ್ರ ಸೊನ್ನೆ ಇದ್ದರೆ ವೈರು ಸರಿಯಾಗಿದೆ, ಡಿಶ್ ದಿಕ್ಕು ತಪ್ಪಿದೆ ಅಥವಾ ಎದುರಿಗೆ ಏನೋ ಅಡ್ಡ ಬಂದಿದೆ. ಸ್ಟ್ರೆಂತ್ ನೋಡಿ ಸಮಾಧಾನ ಪಡಬೇಡಿ, ಚಿತ್ರ ಬರುವುದು ಕ್ವಾಲಿಟಿಯಿಂದ.

ಕನೆಕ್ಟರ್ ಬಿಚ್ಚುವ ಮುಂಚೆ ಬಾಕ್ಸಿನ ಪ್ಲಗ್ ತೆಗೆಯಿರಿ. ನಡುವಿನ ತಂತಿ ಕಪ್ಪಾಗಿದ್ದರೆ ಅಷ್ಟು ಕತ್ತರಿಸಿ ಹೊಸದಾಗಿ ಸುಲಿದು ಹಾಕಿ. ಸುತ್ತಲ ಜಾಲರಿಯ ಕೂದಲೆಳೆಯಂಥ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗಿ ಎಲ್ಲ ನಿಂತುಹೋಗುತ್ತದೆ, ಬರಿಗಣ್ಣಿಗೆ ಕಾಣುವುದೂ ಕಷ್ಟ. ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ. ನೀರು ಇಳಿಯುವುದು ಅಲ್ಲೇ, ಕಣಜ ಗೂಡು ಕಟ್ಟುವುದೂ ಅಲ್ಲೇ.

ತೆಂಗಿನ ವಿಚಾರಕ್ಕೆ ಬರೋಣ. ತುಮಕೂರು ಸೀಮೆಯಲ್ಲಿ ಇದನ್ನು ಬಿಟ್ಟು ಡಿಶ್ ಬಗ್ಗೆ ಮಾತಾಡೋಕಾಗಲ್ಲ. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ. ಸಮಭಾಜಕದ ಮೇಲೆ 93.5 ಡಿಗ್ರಿ ಪೂರ್ವದಲ್ಲಿರುವ ಈ ಉಪಗ್ರಹ ನಮಗೆ ಆಗ್ನೇಯದಲ್ಲಿ, ಮನೆಯ ಅಡುಗೆ ಕೋಣೆ ಮೂಲೆಯಿಂದ ತುಸು ಪೂರ್ವಕ್ಕೆ ವಾಲಿಕೊಂಡು, ಸುಮಾರು 65 ಡಿಗ್ರಿ ಎತ್ತರದಲ್ಲಿರುತ್ತದೆ. ಡಿಶ್ಶಿನ ಮುಖ ನೋಡಿದರೆ ಅಷ್ಟು ಮೇಲಕ್ಕೆ ನೋಡುತ್ತಿದೆ ಅನ್ನಿಸುವುದೇ ಇಲ್ಲ, ಯಾಕೆಂದರೆ ಈ ಆಫ್‌ಸೆಟ್ ಡಿಶ್‌ಗಳು ತಮ್ಮ ಮುಖಕ್ಕಿಂತ ಮೇಲಿನಿಂದ ಸಿಗ್ನಲ್ ಹಿಡಿಯುತ್ತವೆ. ಅದಕ್ಕೇ ಜನ ಎದುರಿನ ಬೇಲಿ, ಗೋಡೆಯನ್ನು ಅನುಮಾನಿಸುತ್ತಾರೆ, ತಲೆ ಮೇಲಿನ ಗರಿಯನ್ನು ನೋಡುವುದಿಲ್ಲ. ಆ ದಿಕ್ಕಿನಲ್ಲಿ ಹತ್ತು ಅಡಿ ದೂರದ ಮರ ಡಿಶ್‌ಗಿಂತ 21 ಅಡಿ ಮೇಲೆ ಹೋಯಿತೋ, ಅಡ್ಡ ಬಂತು ಅಂತಲೇ ಲೆಕ್ಕ.

ನಮ್ಮಲ್ಲಿ ಬೆಳಗ್ಗೆ ಚಿತ್ರ ಚೆನ್ನಾಗಿರುತ್ತಿತ್ತು. ಆಷಾಢದ ಗಾಳಿ ಎದ್ದಿತೆಂದರೆ ಚೌಕ ಚೌಕವಾಗಿ ಒಡೆದು, ಮಾತು ತುಂಡಾಗುತ್ತಿತ್ತು. ಗಾಳಿಗೆ ಗರಿ ಅತ್ತ ಹೋದರೆ ಚಂದನ ಬರುತ್ತದೆ, ಇತ್ತ ಬಂದರೆ ಹೋಗುತ್ತದೆ. ಯಾವ ಗರಿ ಅಂತ ಗೊತ್ತು ಮಾಡಿಕೊಂಡಿದ್ದು ಸೂರ್ಯನಿಂದ. ಮಾರ್ಚ್ ಮಧ್ಯದಲ್ಲಿ ಮತ್ತೆ ಸೆಪ್ಟೆಂಬರ್ ಕೊನೆಗೆ ಕೆಲವು ದಿನ, ಬೆಳಗ್ಗೆ ಹನ್ನೊಂದರ ಆಸುಪಾಸು ಸೂರ್ಯ ನೇರ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಕೆಲವು ನಿಮಿಷ ಎಲ್ಲರ ಮನೆಯಲ್ಲೂ ಸಿಗ್ನಲ್ ಹೋಗಬಹುದು, ಗಾಬರಿ ಬೇಡ. ಆ ಹೊತ್ತಿಗೆ ಮಾಳಿಗೆ ಹತ್ತಿ ಡಿಶ್ ನೋಡಿ. ಅದರ ಮೇಲೆ ಯಾವ ಗರಿಯ ನೆರಳು ಬಿದ್ದಿದೆಯೋ ನಿಮ್ಮ ಸಿಗ್ನಲ್ ತಿನ್ನುತ್ತಿರುವುದು ಅದೇ. ಬಿಸಿಲು ಪೂರ್ತಿ ಬೀಳುವ ಜಾಗ ಸಿಕ್ಕರೆ ಡಿಶ್ ಅಲ್ಲಿಗೆ ಕೊಂಡೊಯ್ಯಿರಿ. ಫಲ ಬಿಡುವ ಮರಕ್ಕೆ ಕೊಡಲಿ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ನಾವು ಮಾಳಿಗೆಯ ಇನ್ನೊಂದು ತುದಿಗೆ ಕಂಬ ಬದಲಾಯಿಸಿದೆವು. ಆಮೇಲೆ ಗಾಳಿಯ ಕಾಟ ಇಲ್ಲ.

ಜೋರು ಮಳೆಗೆ ಹೋದರೆ ಏನನ್ನೂ ಮುಟ್ಟಬೇಡಿ. ನಿಮ್ಮ ಅಂಗಳದಲ್ಲಿ ಹನಿ ಇಲ್ಲದಿದ್ದರೂ ಆಗ್ನೇಯಕ್ಕೆ ಒಂದೆರಡು ಕಿಲೋಮೀಟರ್ ಆಚೆ ಸುರಿಯುತ್ತಿದ್ದರೆ ಸಾಕು, ಸಿಗ್ನಲ್ ಕಡಿಮೆಯಾಗುತ್ತದೆ. ಮೋಡ ಸರಿದ ಮೇಲೆ ತಾನೇ ಬರುತ್ತದೆ. ಆ ಹೊತ್ತಲ್ಲಿ ಡಿಶ್ ತಿರುಗಿಸಿದರೆ ಇಲ್ಲದ ತೊಂದರೆ ತಂದುಕೊಂಡಂತೆ.

ಕೋತಿಗಳು ಜೋತಾಡಿ ನಟ್ಟು ಸಡಿಲವಾಗುವುದು ಇಲ್ಲಿ ಮಾಮೂಲಿ. ಕ್ವಾಲಿಟಿ ಚೆನ್ನಾಗಿರುವಾಗಲೇ ಕಂಬಕ್ಕೂ ಕ್ಲಾಂಪಿಗೂ ಸೇರಿಸಿ ಪೇಂಟಿನಿಂದ ಒಂದು ಗೆರೆ ಎಳೆದಿಡಿ, ಮತ್ತೆ ಕೂರಿಸುವುದು ಸುಲಭ. ತಿರುಗಿಸುವಾಗ ಕೂದಲೆಳೆಯಷ್ಟೇ ತಿರುಗಿಸಿ, ನಿಂತು ಕಾಯಿರಿ. ಪಟ್ಟಿ ಏರಲು ಒಂದೆರಡು ಸೆಕೆಂಡ್ ಬೇಕು. ಕೆಳಗೆ ಟಿವಿ ಮುಂದೆ ತಾಳ್ಮೆ ಇರುವವರೊಬ್ಬರು ಇರಲಿ.

ಸಿಗ್ನಲ್ ಇದ್ದೂ ನೋಡುತ್ತಿದ್ದ ಚಾನೆಲ್ ಮಾಯವಾಗಿದ್ದರೆ ಅದು ಬೇರೆ ಕಥೆ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಪಡೆಯುತ್ತವೆ, ಆದ್ದರಿಂದ ಬರುತ್ತಿರುತ್ತವೆ, ಹೋಗುತ್ತಿರುತ್ತವೆ. ಆಗಾಗ ಆಟೋ ಸ್ಕ್ಯಾನ್ ಮಾಡಿ. ಕೈಯಿಂದ ಹಾಕುವುದಾದರೆ ಎಲ್‌ಎನ್‌ಬಿ 9750/10600, ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಕೊಟ್ಟು ನೋಡಿ. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಎಂಪೆಗ್-4 (ಚಿತ್ರ ಕುಗ್ಗಿಸಿ ಕಳಿಸುವ ಹೊಸ ವಿಧಾನ) ಚಾನೆಲ್‌ಗಳು ಎಷ್ಟು ಸ್ಕ್ಯಾನ್ ಮಾಡಿದರೂ ಬರುವುದಿಲ್ಲ. ಅವು ಬೇಕೇ ಬೇಕು ಅನ್ನುವವರು ಹೊಸ ಬಾಕ್ಸ್ ಕೊಳ್ಳಲಿ. ಅದಕ್ಕೂ ಮುಂಚೆ ಟಿವಿಯ ಹಿಂಭಾಗ ಒಮ್ಮೆ ನೋಡಿಬಿಡಿ, ಈಗಿನ ಹಲವು ಟಿವಿಗಳಲ್ಲಿ ಸ್ಯಾಟಲೈಟ್ ಟ್ಯೂನರ್ ಒಳಗೇ ಇರುತ್ತದೆ, ಡಿಶ್ಶಿನ ವೈರು ನೇರ ಸಿಕ್ಕಿಸಿದರೆ ಆಯಿತು.