ಆಡಿನ ಮೊಣಕಾಲಿನಲ್ಲಿ ಕಿಣ್ವ ಅಳೆದದ್ದು: ಎಲೈಸಾ, ಜೆಲ್, ಬೆಳಕು

ಬೆಳಗಾವಿ ಕ್ಯಾಂಪಿನ ಮಟನ್ ಅಂಗಡಿಗೆ ಬೆಳಿಗ್ಗೆ ಆರೂವರೆಗೇ ಹೋಗುತ್ತೇನೆ. "ಮಂದಿ ಖಂಡ ಕೇಳ್ತಾರ, ನೀವು ಬರೇ ಮೊಣಕಾಲ ಕೇಳ್ತೀರಲ್ರೀ ಮೇಡಂ" ಅನ್ನುತ್ತಲೇ ಅಂಗಡಿಯ ಕಾಕಾ ಕೀಲು ಬಿಚ್ಚದಂತೆ ಮೇಲೆ ಕೆಳಗೆ ಕತ್ತರಿಸಿ ಕೊಡುತ್ತಾರೆ. ಬಿಚ್ಚದೆ ಕೊಟ್ಟರೆ ಒಳಪೊರೆ, ಮೃದ್ವಸ್ಥಿ, ಎಲುಬುಗಳನ್ನು ಕಟ್ಟಿಹಿಡಿದ ಬಿಗಿ ನಾರು ಎಲ್ಲವೂ ಕೊಳೆಯಾಗದೆ ಸಿಗುತ್ತವೆ. ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಏಳು ಗಂಟೆಗೆ ಲ್ಯಾಬಿನಲ್ಲಿರುತ್ತೇನೆ.

ನಾನು ಹುಡುಕುತ್ತಿರುವುದು ಎಂಎಂಪಿ ಎಂಬ ಕಿಣ್ವಗಳನ್ನು. ಸಂಯೋಜಕ ಅಂಗಾಂಶಕ್ಕೆ ಗಟ್ಟಿತನ ಕೊಡುವುದು ಮೂರೆಳೆಯ ಹುರಿಯಂತಿರುವ ಕೊಲಾಜನ್. ಅದನ್ನು ಕತ್ತರಿಸುವವು ಇವು. 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಶಾರ್ಲ್ ಲಾಪಿಯೇರ್ ಕಪ್ಪೆಮರಿಯ ಬಾಲದ ಚೂರನ್ನು ಕೊಲಾಜನ್ ಜೆಲ್ ಮೇಲಿಟ್ಟರು. ಸುತ್ತಲಿನ ಜೆಲ್ ಕರಗಿತು. ಮರಿ ಕಪ್ಪೆಯಾಗುವಾಗ ಬಾಲ ಕರಗಿಸುವ ಕಿಣ್ವ ಸಿಕ್ಕಿದ್ದು ಹೀಗೆ.

ಈ ಕಿಣ್ವಗಳು ಜೀವಕೋಶದಿಂದ ಹೊರಬರುವಾಗ ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡೇ ಇರುತ್ತವೆ. ಕೆಲಸದ ಜಾಗದಲ್ಲಿರುವ ಸತುವಿಗೆ ಅದರದೇ ಪ್ರೋಟೀನಿನ ಒಂದು ತುಂಡು ಅಡ್ಡ ಕೂತಿರುತ್ತದೆ. ಆ ತುಂಡು ಕಳಚಿದ ಮೇಲೆಯೇ ಕತ್ತರಿಗೆ ಹರಿತ. ಹರಿತವಾದ ಮೇಲೂ ಟಿಂಪ್ ಎಂಬ ನಾಲ್ಕು ಬಗೆಯ ಪ್ರೋಟೀನ್‌ಗಳು ಬಂದು ಅದನ್ನು ಕಟ್ಟಿಹಾಕಬಹುದು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಮೂರು: ಕಿಣ್ವ ಎಷ್ಟಿದೆ? ಅದರಲ್ಲಿ ಎಷ್ಟು ಬಾಯಿ ತೆರೆದಿದೆ? ತೆರೆದದ್ದರಲ್ಲಿ ಕಟ್ಟಿಲ್ಲದೆ ಓಡಾಡುತ್ತಿರುವುದು ಎಷ್ಟು? ನಾನು ಬಳಸಿ ನೋಡಿದ ಮೂರು ವಿಧಾನಗಳು ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತವೆ. ಇದು ತಿಳಿಯುವ ಮುಂಚೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ತಿಂಗಳುಗಳನ್ನು ಕಳೆದುಕೊಂಡೆ.

ಮೊದಲು ಹಿಡಿದದ್ದು ಎಲೈಸಾ, ಪ್ರತಿಕಾಯದಿಂದ ಪ್ರೋಟೀನನ್ನು ಹಿಡಿದು ಬಣ್ಣದಲ್ಲಿ ಅಳೆಯುವ ಪರೀಕ್ಷೆ. 96 ಗುಳಿಗಳ ತಟ್ಟೆ, ಮಾದರಿ ಹಾಕು, ತೊಳೆ, ಹಳದಿ ಬಣ್ಣವನ್ನು 450 ನ್ಯಾನೋಮೀಟರಿನಲ್ಲಿ ಓದು. ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಆದರೆ ನನ್ನ ಬಳಿ ಇದ್ದದ್ದು ಮನುಷ್ಯರ ಎಂಎಂಪಿ-9ಕ್ಕೆಂದು ಮಾಡಿದ ಕಿಟ್. ಆಡಿನ ಮಾದರಿಗೆ ಅದು ತೋರಿಸಿದ್ದು ಬರೀ ನೀರಿನಷ್ಟೇ ಬಣ್ಣ. ನೋಟ್‌ಬುಕ್ಕಿನಲ್ಲಿ "ಇಲ್ಲ" ಎಂದು ಬರೆದೂಬಿಟ್ಟೆ. ಕಿಣ್ವ ಇತ್ತು, ಕಿಟ್ಟಿನ ಪ್ರತಿಕಾಯಕ್ಕೆ ಆಡಿನ ಪ್ರೋಟೀನಿನ ಗುರುತು ಸಿಗಲಿಲ್ಲ, ಅಷ್ಟೇ. ಮನುಷ್ಯರ ಮಾದರಿಗಾದರೆ ಎಲೈಸಾದಷ್ಟು ಸೂಕ್ಷ್ಮವಾದದ್ದು ನನ್ನ ಕೈಗೆ ಇನ್ನೊಂದು ಸಿಕ್ಕಿಲ್ಲ. ಆದರೂ ಅದು ಎಣಿಸುವುದು ಪ್ರೋಟೀನನ್ನು, ಕೆಲಸವನ್ನಲ್ಲ. ಬಾಯಿ ಮುಚ್ಚಿದ್ದು, ತೆರೆದದ್ದು ಬಹಳಷ್ಟು ಕಿಟ್‌ಗಳಲ್ಲಿ ಒಂದೇ ಲೆಕ್ಕಕ್ಕೆ ಬರುತ್ತವೆ. ರಕ್ತ ಹೆಪ್ಪುಗಟ್ಟುವಾಗ ಬಿಳಿ ರಕ್ತಕಣಗಳಿಂದ ಎಂಎಂಪಿ-9 ಹೊರಬರುವುದರಿಂದ ಸೀರಂನಲ್ಲಿ ಪ್ಲಾಸ್ಮಾಕ್ಕಿಂತ ಹೆಚ್ಚು ಕಾಣುತ್ತದೆ ಎಂಬುದೂ ನೆನಪಿರಬೇಕು.

ನನ್ನ ಮನಸ್ಸು ಗೆದ್ದದ್ದು ಜೆಲಾಟಿನ್ ಝೈಮೋಗ್ರಫಿ. ಜೆಲ್ಲಿನೊಳಗೇ ಜೆಲಾಟಿನ್ (ಹುರಿ ಬಿಚ್ಚಿದ ಕೊಲಾಜನ್) ಇಟ್ಟು, ಕಿಣ್ವ ಅದನ್ನು ತಿಂದ ಜಾಗ ನೋಡುವ ವಿಧಾನ ಇದು. ಜೆಲ್ ಎರೆಯುವಾಗಲೇ ಮಿಲಿಲೀಟರಿಗೆ 1 ಮಿಲಿಗ್ರಾಂನಂತೆ ಜೆಲಾಟಿನ್ ಬೆರೆಸುತ್ತೇನೆ. ಮಾದರಿಯನ್ನು ಕುದಿಸಬಾರದು, ಮರ್ಕ್ಯಾಪ್ಟೋಎಥನಾಲ್ ಹಾಕಬಾರದು. ಹೊಸದಾಗಿ ಸೇರಿದ ಹುಡುಗರು ಅಭ್ಯಾಸಬಲದಿಂದ ಕುದಿಸಿಬಿಡುತ್ತಾರೆ, ಕಿಣ್ವ ಅಲ್ಲೇ ಸಾಯುತ್ತದೆ. ಕರೆಂಟ್ ಹರಿಸಿ ಮುಗಿದ ಮೇಲೆ 2.5 ಶೇಕಡಾ ಟ್ರೈಟಾನ್‌ನಲ್ಲಿ ಅರ್ಧರ್ಧ ಗಂಟೆ ಎರಡು ಸಲ ತೊಳೆದು, ಜೆಲ್ ಓಡಿಸಲು ಹಾಕಿದ್ದ ಸಾಬೂನಿನಂಥ ಎಸ್‌ಡಿಎಸ್ ತೆಗೆಯುತ್ತೇನೆ. ಆಮೇಲೆ ಕ್ಯಾಲ್ಸಿಯಂ ಇರುವ ಟ್ರಿಸ್ ಬಫರಿನಲ್ಲಿ, 37 ಡಿಗ್ರಿಯಲ್ಲಿ, ರಾತ್ರಿಯಿಡೀ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎಂದು ಇನ್‌ಕ್ಯುಬೇಟರನ್ನು ಇನ್ವರ್ಟರಿಗೆ ಸೇರಿಸಿದ್ದೇವೆ.

ಬೆಳಿಗ್ಗೆ ಕೂಮಾಸಿ ಬಣ್ಣ ಹಾಕಿದಾಗ ಇಡೀ ಜೆಲ್ ಕಡುನೀಲಿ. ಬಣ್ಣ ಇಳಿಸುವ ದ್ರವದಲ್ಲಿ ತಟ್ಟೆಯನ್ನು ಮೆಲ್ಲಗೆ ಅಲುಗಾಡಿಸುತ್ತಿದ್ದರೆ ಜೆಲಾಟಿನ್ ಕರಗಿದಲ್ಲಿ ಬಣ್ಣ ನಿಲ್ಲದೆ, ಮೊದಲು 72 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಎತ್ತರದಲ್ಲಿ ಒಂದು ತಿಳಿ ಗೆರೆ ಕಾಣುತ್ತದೆ. ಅದು ಮುಚ್ಚಿದ ಎಂಎಂಪಿ-2. ಅದರ ಕೆಳಗೆ ಸಣ್ಣದೊಂದು ಗೆರೆ ಮೂಡಿದರೆ ಬಾಯಿ ತೆರೆದದ್ದೂ ಇದೆ ಎಂದರ್ಥ. ಒಳಪೊರೆಯ ಚೂರುಗಳಿಗೆ ಉರಿಯೂತದ ಸಂಕೇತ ಕೊಡುವ ಇಂಟರ್‌ಲ್ಯೂಕಿನ್-1 ಹಾಕಿ ಬೆಳೆಸಿದ ಸಾಲಿನಲ್ಲಿ 92ರ ಹತ್ತಿರ ಎಂಎಂಪಿ-9 ಅಚ್ಚೊತ್ತಿದಂತೆ ಬಂತು. ಹಾಕದ ಸಾಲಿನಲ್ಲಿ ಇರಲಿಲ್ಲ. ಎಲೈಸಾ "ಇಲ್ಲ" ಎಂದದ್ದು ಇದೇ ಮಾದರಿಗೆ! ಆಡೋ ಕುರಿಯೋ ಮನುಷ್ಯನೋ, ಜೆಲಾಟಿನ್ ಕರಗಿದರೆ ಜೆಲ್ ಹೇಳಿಯೇ ಹೇಳುತ್ತದೆ. ಮುಚ್ಚಿದ ರೂಪವೂ ಇಲ್ಲಿ ಕತ್ತರಿಸುವುದು ಎಸ್‌ಡಿಎಸ್ ಅದರ ಮಡಿಕೆ ಬಿಚ್ಚುವುದರಿಂದ. ಗಾತ್ರ ನೋಡಿ ಬೇರೆ ಮಾಡಬಹುದು. ಆದರೆ ಅದೇ ಎಸ್‌ಡಿಎಸ್ ಟಿಂಪನ್ನೂ ಬಿಡಿಸಿಬಿಡುತ್ತದೆ. ಆದ್ದರಿಂದ ಮೂರನೆಯ ಪ್ರಶ್ನೆಗೆ ಜೆಲ್ಲಿನಲ್ಲಿ ಉತ್ತರವಿಲ್ಲ. ಎಂಎಂಪಿ-1, ಎಂಎಂಪಿ-13 ಕೂಡ ಜೆಲಾಟಿನ್ ಮೇಲೆ ಮಂಕಾಗಿ ಕಾಣುತ್ತವೆ.

ಆ ಮೂರನೆಯದಕ್ಕೆ ಬೆಳಕಿನ ವಿಧಾನ ಬೇಕು. ಪೆಪ್ಟೈಡಿನ ಒಂದು ತುದಿಯಲ್ಲಿ ಹೊಳೆಯುವ ಗುಂಪು, ಇನ್ನೊಂದು ಕಡೆ ಆ ಹೊಳಪನ್ನು ನುಂಗುವ ಗುಂಪು. ನಡುವೆ ಕತ್ತರಿಸಿದರೆ ಬೆಳಕು ಹೊರಬರುತ್ತದೆ. ಪ್ಲೇಟ್ ರೀಡರ್ ನಿಮಿಷಕ್ಕೊಮ್ಮೆ ಓದುತ್ತದೆ, ಗೆರೆ ಎಷ್ಟು ಕಡಿದಾಗಿ ಏರುತ್ತದೋ ಅಷ್ಟು ವೇಗ. ಮಾದರಿಯನ್ನು ಹಾಗೇ ಓದಿ, ಆಮೇಲೆ ಎಪಿಎಂಎ ಎಂಬ ರಾಸಾಯನಿಕ ಹಾಕಿ ಬಾಯಿ ತೆರೆಸಿ ಇನ್ನೊಮ್ಮೆ ಓದಿದರೆ, ನಡುವಿನ ಅಂತರ ಇನ್ನೂ ಮುಚ್ಚಿಕೊಂಡಿದ್ದ ಕಿಣ್ವದ್ದು. ಎಪಿಎಂಎಯಲ್ಲಿ ಪಾದರಸವಿದೆ, ಅದರ ತ್ಯಾಜ್ಯಕ್ಕೆ ಬೇರೆ ಬಾಟಲಿ ಇಡಲೇಬೇಕು. ಈ ವಿಧಾನದ ಕೊರತೆ ಎಂದರೆ ಯಾವ ಎಂಎಂಪಿ ಕತ್ತರಿಸಿತು ಎಂದು ಹೇಳದು. ಬೇರೆ ಜಾತಿಯ ಕಿಣ್ವಗಳೂ ಪೆಪ್ಟೈಡಿಗೆ ಬಾಯಿ ಹಾಕಬಹುದು. ಸತು ಕಸಿದುಕೊಳ್ಳುವ ಫಿನಾಂತ್ರೋಲಿನ್ ಹಾಕಿದ ಗುಳಿಯೊಂದು ಪಕ್ಕದಲ್ಲಿಲ್ಲದಿದ್ದರೆ ಆ ಅಂಕಿಯನ್ನು ನಾನು ನಂಬುವುದಿಲ್ಲ.

ಒಂದು ಸಲ ಆ ಬಿಗಿ ನಾರನ್ನು ಅರೆದಾಗ ಎರಡು ವಿಧಾನಗಳು ಎರಡು ಮಾತಾಡಿದವು. ನಾರು ಸುಲಭಕ್ಕೆ ಅರೆಯುವುದಿಲ್ಲ. ಹಸುಗಳ ಕೃತಕ ಗರ್ಭಧಾರಣೆಗೆ ಬಳಸುವ ಕ್ಯಾನಿನಲ್ಲಿ ದ್ರವ ಸಾರಜನಕ ತಂದು, ಅದರಲ್ಲಿ ಅದ್ದಿ ಕುಟ್ಟಿ ಪುಡಿ ಮಾಡಿದ್ದೆ. ಬೆಳಕಿನ ಗೆರೆ ನೆಲಬಿಟ್ಟು ಏಳಲಿಲ್ಲ. ಎಪಿಎಂಎ ಬದಲಿಸಿದೆ, ಪೆಪ್ಟೈಡ್ ಬದಲಿಸಿದೆ, ಎರಡು ದಿನ ಹೋಯಿತು. ಅದೇ ಪುಡಿಯ ರಸ ಜೆಲ್ಲಿನಲ್ಲಿ ದಪ್ಪ ಗೆರೆ ಕೊಟ್ಟಿತು. ಕಾರಣ, ಅರೆಯುವ ಬಫರಿಗೆ ಹಾಕಿದ್ದ ಪ್ರತಿಬಂಧಕಗಳ ಮಿಶ್ರಣದಲ್ಲಿ ಇಡಿಟಿಎ ಇತ್ತು. ಅದು ಕ್ಯಾಲ್ಸಿಯಂ, ಸತು ಎರಡನ್ನೂ ಹಿಡಿದಿಟ್ಟಿತ್ತು. ಜೆಲ್ಲಿನಲ್ಲಿ ಅದು ಕಿಣ್ವದಿಂದ ದೂರವಾಗಿ ತೊಳೆದುಹೋಗುತ್ತದೆ, ಬಫರಿನ ಕ್ಯಾಲ್ಸಿಯಂ ಮರಳಿ ಸಿಗುತ್ತದೆ. ಬೆಳಕಿನ ಗುಳಿಯಲ್ಲಿ ಕೊನೆಯವರೆಗೂ ಕಿಣ್ವದ ಜೊತೆಗೇ ಇರುತ್ತದೆ.

ದುಡ್ಡು ಕಡಿಮೆ ಇರುವ ಲ್ಯಾಬಿನವರು ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ ಝೈಮೋಗ್ರಫಿ ಎನ್ನುತ್ತೇನೆ, ಎರಡು ಮಾತಿಲ್ಲ. ಎಲೈಸಾ ಕಿಟ್ಟಿಗೆ ಆರ್ಡರ್ ಹಾಕುವುದು ಆ ಪ್ರಾಣಿಯಲ್ಲಿ ಅದು ನಡೆಯುತ್ತದೆ ಎಂದು ಬರಹದಲ್ಲಿ ಸಿಕ್ಕ ಮೇಲೆ. ನಾನೀಗ ಪ್ರತಿ ಮಾದರಿಯನ್ನು ಅರೆದ ದಿನವೇ ಪುಟ್ಟ ಟ್ಯೂಬುಗಳಿಗೆ ಹಂಚಿ ಮೈನಸ್ 80ರಲ್ಲಿಡುತ್ತೇನೆ, ಮತ್ತೆ ಮತ್ತೆ ಕರಗಿಸಬಾರದು ಎಂದು. ಬೆಳಕಿಗೆ ಮೀಸಲಾದ ಟ್ಯೂಬಿನ ಮುಚ್ಚಳದ ಮೇಲೆ ಕೆಂಪು ಮಾರ್ಕರಿನಲ್ಲಿ ಬರೆದಿರುತ್ತೇನೆ: ಇಡಿಟಿಎ ಇಲ್ಲ.