ಇಂಜಿನ್ ಕೆಲಸಕ್ಕೆ ಬೈಕ್ ಬಿಡುವ ಮುಂಚೆ ಬೋಲ್ಟ್ ವಿಷಯ ಮಾತಾಡಿಕೊಳ್ಳಿ

ತುಮಕೂರಲ್ಲಿ ಇಂಜಿನ್ ಬಿಚ್ಚಿಸಲು ಬೈಕ್ ಬಿಡಬೇಕು ಅಂದುಕೊಂಡಿರುವವರು ಇದನ್ನೊಂದು ಸಲ ಓದಿ. ಪಿಸ್ಟನ್ ಯಾವುದು ಹಾಕುತ್ತೀರಿ, ಬೋರ್ (ಸವೆದ ಸಿಲಿಂಡರಿನ ಒಳಮೈ ಕೊರೆಸುವುದು) ಎಲ್ಲಿ ಮಾಡಿಸುತ್ತೀರಿ, ಒಟ್ಟು ಎಷ್ಟಾಗುತ್ತೆ ಅಂತೆಲ್ಲ ಕೇಳುತ್ತೇವೆ. ಬೋಲ್ಟ್ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಎರಡನೇ ಸಲ ಇಂಜಿನ್ ಬಿಚ್ಚಿಸಬೇಕಾಗಿ ಬಂದಿದ್ದು ಒಂದೇ ಒಂದು ಬೋಲ್ಟಿಂದ.

ನನ್ನದು 150 ಸಿಸಿ ಹಳೇ ಬೈಕು. ಹೊಗೆ ಜಾಸ್ತಿಯಾಗಿ ಆಯಿಲ್ ಕುಡಿಯುತ್ತಿತ್ತು. ಬಿ.ಎಚ್. ರಸ್ತೆ ಪಕ್ಕದ ಒಂದು ಗ್ಯಾರೇಜಿನಲ್ಲಿ (ಹೆಸರು ಬರೆಯಲ್ಲ) ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ. ಸ್ವಲ್ಪ ದಿನ ಗಾಡಿ ಚೆನ್ನಾಗೇ ಓಡಿತು. ಆಮೇಲೆ ಶಿರಾ ಕಡೆ ಹೋಗುವಾಗ ಸೀಬಿ ದಾಟಿದ ಮೇಲೆ ಹೆಡ್ (ಸಿಲಿಂಡರಿನ ಮೇಲಿನ ಭಾಗ) ಒಳಗಿಂದ ಕಟಕಟ ಅಂತ ಸದ್ದು ಶುರುವಾಯಿತು, ನಿಲ್ಲಿಸೋಣ ಅಂತ ಎಡಕ್ಕೆ ತರುವಷ್ಟರಲ್ಲಿ ಇಂಜಿನ್ನೇ ನಿಂತುಹೋಯಿತು, ಕಿಕ್ ಹೊಡೆದರೆ ಕಾಲಿಗೆ ಬಿಗಿಯೇ ಸಿಗುತ್ತಿಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಹೋಗಿದೆ ಅಂತ ಅಲ್ಲೇ ಗೊತ್ತಾಯಿತು. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ವಾಪಸ್ ಬಂದೆ.

ಈ ಸಲ ಅಂತರಸನಹಳ್ಳಿ ಕಡೆ ಬೇರೆ ಮೆಕ್ಯಾನಿಕ್ ಹತ್ತಿರ, ನನ್ನ ಮುಂದೆಯೇ ಬಿಚ್ಚಿಸಿದೆ. ಕ್ಯಾಮ್ ಸ್ಪ್ರಾಕೆಟ್ (ಟೈಮಿಂಗ್ ಚೈನ್ ಕೂರುವ, ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸುವ ಹಲ್ಲುಚಕ್ರ) ಹಿಡಿದಿರಬೇಕಾದ ಎರಡು ಬೋಲ್ಟ್‌ಗಳಲ್ಲಿ ಒಂದು ಮಾತ್ರ ಜಾಗದಲ್ಲಿತ್ತು. ಅದು ಕಂಪನಿಯದು. ಕಪ್ಪು ಬಣ್ಣ, ಥ್ರೆಡ್ಡಿನಲ್ಲಿ ಹಳೇ ಲಾಕಿಂಗ್ ಗಮ್ಮಿನ (ಬೋಲ್ಟ್ ಸಡಿಲವಾಗದ ಹಾಗೆ ಹಚ್ಚುವ ಅಂಟು) ಚೂರು ಇನ್ನೂ ಅಂಟಿತ್ತು. ಇನ್ನೊಂದರ ತಲೆ ತುಂಡಾಗಿ ಕೆಳಗೆ ಬಿದ್ದಿತ್ತು. ಬೆಳ್ಳಗೆ ಫಳಫಳ ಹೊಳೆಯುವ ಬೋಲ್ಟು, ತಲೆ ಮೇಲೆ ನಂಬರಿಲ್ಲ, ಗಮ್ ಹಾಕಿದ ಗುರುತೂ ಇಲ್ಲ. ಅದು ಸಡಿಲವಾಗಿ ತುಂಡಾದ ಮೇಲೆ ಸ್ಪ್ರಾಕೆಟ್ ಓರೆಯಾಗಿದೆ, ಟೈಮಿಂಗ್ ಚೈನ್ ಹಲ್ಲು ಹಾರಿದೆ, ತೆರೆದಿದ್ದ ವಾಲ್ವಿಗೆ ಪಿಸ್ಟನ್ ಬಂದು ಬಡಿದಿದೆ. ಹೊಸ ಪಿಸ್ಟನ್ ತಲೆ ಮೇಲೆ ಅರ್ಧಚಂದ್ರದ ಗಾಯ. ವಾಲ್ವ್ ಎರಡೂ ಬೆಂಡ್.

ಮೊದಲ ಗ್ಯಾರೇಜಿನವರನ್ನು ಕೇಳಿದರೆ, "ಹಳೇದರ ತಲೆ ಸ್ಲಿಪ್ ಆಗಿತ್ತು ಸಾರ್, ಹೊಸದೇ ಹಾಕಿದ್ದೀನಲ್ಲ" ಅಂದರು. ಹೌದು, ಹೊಸದೇ. ಹಾರ್ಡ್‌ವೇರ್ ಅಂಗಡಿಯ ಹೊಸದು! ಹಳೇ ಕಂಪನಿ ಬೋಲ್ಟ್ ಕೂತಿದ್ದರೆ ಇನ್ನೂ ಓಡಿಸುತ್ತಿದ್ದೆನೋ ಏನೋ.

ಬೋಲ್ಟ್ ತಲೆ ಮೇಲೆ 8.8, 10.9 ಅಂತ ಇರುತ್ತಲ್ಲ, ಅದು ಸುಮ್ನೆ ಹಾಕಿದ್ದಲ್ಲ. 8.8 ಅಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ತನಕ ತುಂಡಾಗಲ್ಲ, ಆದರೆ ಅದರ 80% ದಾಟಿದರೆ ಎಳೆದುಕೊಂಡು ಉದ್ದವಾಗಿಬಿಡುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಜಾಸ್ತಿ ಗಟ್ಟಿ ಅಂತ ತುಂಬಾ ಜನ ನಂಬಿದ್ದಾರೆ. ಅಂಗಡಿಯಲ್ಲಿ ಸಿಗುವ ಎ2-70 ಸ್ಟೇನ್‌ಲೆಸ್ 450ರ ಆಸುಪಾಸಿನಲ್ಲೇ ಎಳೆದುಕೊಳ್ಳುತ್ತೆ, 8.8 ಬೋಲ್ಟ್ 640ರ ತನಕ ತಡೆಯುತ್ತೆ. ತುಕ್ಕು ಹಿಡಿಯಲ್ಲ, ಅಷ್ಟೇ. ನಂಬರ್ ಪ್ಲೇಟಿಗೆ ಹಾಕಿಕೊಳ್ಳಿ, ಇಂಜಿನ್ ಒಳಗೆ ಬೇಡ. ಕಂಪನಿಯ ಸಣ್ಣ ಬೋಲ್ಟ್‌ಗಳ ಮೇಲೂ ಕೆಲವೊಮ್ಮೆ ನಂಬರ್ ಇರಲ್ಲ, ಹಾಗಾಗಿ ಪಾರ್ಟ್ ನಂಬರ್ ಹೇಳಿ ತರಿಸುವುದೇ ಸರಿ.

ಹಾಗಂತ ಎಲ್ಲಾ ಬೋಲ್ಟ್ ಬದಲಾಯಿಸಿ ಅಂತಲೂ ಹೇಳುತ್ತಿಲ್ಲ. ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಬೋಲ್ಟ್‌ಗಳ ಥ್ರೆಡ್ ಚೆನ್ನಾಗಿದ್ದರೆ ತೊಳೆದು ವಾಪಸ್ ಹಾಕಬಹುದು. ಹೆಡ್ ಸ್ಟಡ್‌ಗಳನ್ನು (ಹೆಡ್ ಹಿಡಿದಿರುವ, ತಲೆಯಿಲ್ಲದ ಉದ್ದ ಬೋಲ್ಟ್‌ಗಳು) ಮಾತ್ರ ನೋಡಬೇಕು. ನಟ್ಟನ್ನು ಬರೀ ಬೆರಳಲ್ಲಿ ಕೊನೆ ತನಕ ತಿರುಗಿಸಿ. ಥ್ರೆಡ್ ಕ್ಲೀನಾಗಿದ್ದೂ ನಡುವೆ ಎಲ್ಲೋ ಹಿಡಿದರೆ, ಇಲ್ಲಾ ಸೊಂಟ ಸಣ್ಣಗೆ ಕಂಡರೆ, ಆ ಸ್ಟಡ್ ಎಳೆದುಕೊಂಡಿದೆ. ಹಳೇ ಎಲಾಸ್ಟಿಕ್ ತರ, ಎಷ್ಟು ಬಿಗಿ ಮಾಡಿದರೂ ಹಿಡಿತ ಬರಲ್ಲ. ಮ್ಯಾನ್ಯುಯಲ್‌ನಲ್ಲಿ ಇಷ್ಟು ಟಾರ್ಕ್ (ತಿರುಗಿಸುವ ಬಲ), ಆಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಕೊಟ್ಟಿರುವ ಬೋಲ್ಟ್‌ಗಳು ಸಾಮಾನ್ಯವಾಗಿ ಒಂದೇ ಸಲಕ್ಕೆ. ಎರಡು ಭಾಗದ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್) ಇರುವ ದೊಡ್ಡ ಗಾಡಿಗಳಲ್ಲಿ ರಾಡ್ ಬೋಲ್ಟ್‌ಗೆ ಜಿಪುಣತನ ಬೇಡ. ನಮ್ಮ 100, 150 ಸಿಸಿ ಸಿಂಗಲ್ ಸಿಲಿಂಡರ್ ಗಾಡಿಗಳಲ್ಲಿ ರಾಡ್ ಒಂದೇ ಪೀಸು, ಅದಕ್ಕೆ ಬೋಲ್ಟೇ ಇರಲ್ಲ. ಬಿಲ್ಲಿನಲ್ಲಿ ರಾಡ್ ಬೋಲ್ಟ್ ಅಂತ ಬಂದರೆ ತೋರಿಸಿ ಅನ್ನಿ, ನೋಡೋಣ. ಪಿಸ್ಟನ್ ಪಿನ್ ಸರ್‌ಕ್ಲಿಪ್ (ಪಿನ್ ಜಾರದ ಹಾಗೆ ಹಿಡಿಯುವ ಸಣ್ಣ ಬಳೆ), ತಾಮ್ರದ ವಾಷರ್ ಹೊಸದೇ ಇರಲಿ.

ಇನ್ನು ಬಿಗಿ ಮಾಡುವ ವಿಷಯ. ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಭಾಗ ಉಜ್ಜಾಟಕ್ಕೇ ಹೋಗುತ್ತೆ, ಬೋಲ್ಟ್ ಎಳೆಯುವುದಕ್ಕೆ ಸಿಗುವುದು ಉಳಿದ ಚೂರು. ಥ್ರೆಡ್ಡಿಗೆ ಆಯಿಲ್ ಬಿದ್ದರೆ ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಎಳೆದುಕೊಳ್ಳುತ್ತೆ. ಅಲ್ಯುಮಿನಿಯಂ ಒಳಗೆ ಕೂರುವ 6 ಎಂಎಂ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಟಿ-ಸ್ಪ್ಯಾನರ್ ಹಿಡಿದು ಅಂದಾಜಿನಲ್ಲಿ ಎಳೆದರೆ ಅದು ಆರಾಮಾಗಿ ದಾಟುತ್ತೆ. ಎರಡನೇ ಮೆಕ್ಯಾನಿಕ್ ಹತ್ತಿರ ಟಾರ್ಕ್ ರೆಂಚ್ ಇತ್ತು. ರಟ್ಟಿನ ಮೇಲೆ ಇಂಜಿನ್ ಆಕಾರ ಬರೆದು ಬೋಲ್ಟ್‌ಗಳನ್ನು ಅದದೇ ಜಾಗದಲ್ಲಿ ಚುಚ್ಚಿಟ್ಟಿದ್ದರು, ಯಾಕಂದ್ರೆ ಉದ್ದ ಬೇರೆ ಬೇರೆ, ಅದಲುಬದಲಾದರೆ ತೂತಿನ ತಳಕ್ಕೆ ತಾಗಿ ಬಿಗಿಯಾದ ಹಾಗೆ ಅನಿಸುತ್ತೆ ಅಷ್ಟೇ. ಮೊದಲ ಗ್ಯಾರೇಜಿನಲ್ಲಿ ಎಲ್ಲಾ ಒಂದೇ ಡಬ್ಬಿಯಲ್ಲಿ ಬಿದ್ದಿದ್ದವು.

ಮೊದಲ ಗ್ಯಾರೇಜಿನವರು ಕೊನೆಗೆ ಲೇಬರ್ ದುಡ್ಡು ಮಾತ್ರ ವಾಪಸ್ ಕೊಟ್ಟರು. ಪಿಸ್ಟನ್, ವಾಲ್ವ್ ಖರ್ಚು ನನ್ನ ತಲೆಗೇ ಬಂತು. ನೀವು ಬೈಕ್ ಬಿಡುವಾಗಲೇ ಹೇಳಿಬಿಡಿ: ಯಾವುದೇ ಬೋಲ್ಟ್ ಬದಲಾಯಿಸುವ ಮುಂಚೆ ಫೋನ್ ಮಾಡಿ, ಬಿಚ್ಚಿದ ಹಳೇದನ್ನೆಲ್ಲ ಕವರಿನಲ್ಲಿ ಹಾಕಿಕೊಡಿ ಅಂತ. ಅದಕ್ಕೆ ಮುಖ ಸಿಂಡರಿಸಿದರೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ.